ವಜ್ರದ ಜೊತೆ ಬರುವ ಕಾಗದ ನಮಗೂ ಓದಲು ಬರಬೇಕು

ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬೆಂಗಳೂರು ಶಾಖೆಯ ಅಧಿಕಾರಿಗಳಿಗೆ ಮತ್ತು ರಾಜ್ಯದ ಗ್ರಾಹಕ ವ್ಯವಹಾರಗಳ ಸಚಿವರಿಗೆ,

ಮಾನ್ಯರೇ,

ನನ್ನ ಅಕ್ಕನ ಬೀರುವಿನಲ್ಲಿ ಕೆಂಪು ಮಖಮಲ್ಲಿನ ಒಂದು ಪೆಟ್ಟಿಗೆ ಇದೆ. ಅದರೊಳಗೆ ಒಂದು ವಜ್ರದ ಪೆಂಡೆಂಟ್. ಮುಚ್ಚಳದ ಒಳಗಡೆ ಎಟಿಎಂ ಕಾರ್ಡಿನಷ್ಟೇ ಉದ್ದಗಲದ ಒಂದು ಪ್ಲಾಸ್ಟಿಕ್ ಕಾರ್ಡ್. 2022ರಲ್ಲಿ ಮಗಳ ಮದುವೆಗೆಂದು ಅಕ್ಕ ಅದನ್ನು 1 ಲಕ್ಷ 85 ಸಾವಿರ ರೂಪಾಯಿ ಕೊಟ್ಟು ತಂದಳು. ವರ್ಷಗಟ್ಟಲೆ ಚೀಟಿ ಕಟ್ಟಿ ಉಳಿಸಿದ ದುಡ್ಡು ಅದು. "ಸರ್ಟಿಫಿಕೇಟ್ ಇದೆ ಮೇಡಂ, ಕಣ್ಣು ಮುಚ್ಚಿ ತಗೊಳ್ಳಿ" ಎಂದು ಅಂಗಡಿಯವರು ಹೇಳಿದರು. ನಾನೂ ಪಕ್ಕದಲ್ಲೇ ಕೂತಿದ್ದೆ. ಸರ್ಟಿಫಿಕೇಟ್ ಇದೆಯಲ್ಲ, ಇನ್ನೇನು ಎಂದು ನಾನೂ ತಲೆಯಾಡಿಸಿದೆ.

ಹೋದ ವರ್ಷ ಮಗಳ ಮನೆ ಕಟ್ಟುವ ಖರ್ಚಿಗೆ ಅದನ್ನು ಮಾರೋಣ ಎಂದು ಬೇರೊಂದು ಅಂಗಡಿಗೆ ಹೋದೆವು. ಅಲ್ಲಿದ್ದ ಹುಡುಗ ಕಾರ್ಡನ್ನು ದೀಪದ ಕೆಳಗೆ ಹಿಡಿದು ಓದಿದ. "ಇದು ಲ್ಯಾಬ್ ಡೈಮಂಡ್ ಅಲ್ವಾ ಅಮ್ಮ? ನಾವು ಬಂಗಾರಕ್ಕೆ ಮಾತ್ರ ದುಡ್ಡು ಕೊಡ್ತೀವಿ" ಎಂದ. ಅಕ್ಕನಿಗೆ ಏನೂ ಅರ್ಥವಾಗಲಿಲ್ಲ. ನಾನು ಕಾರ್ಡ್ ಕೈಗೆ ತೆಗೆದುಕೊಂಡು ನೋಡಿದೆ. ಮೂರನೇ ಸಾಲಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ, 'ಲ್ಯಾಬೊರೇಟರಿ ಗ್ರೋನ್' ಎಂದು ಇತ್ತು. ಅಂದರೆ ಗಣಿಯಿಂದ ತೆಗೆದದ್ದಲ್ಲ, ಲ್ಯಾಬಿನಲ್ಲಿ ಬೆಳೆಸಿದ ವಜ್ರ. ಬಿಲ್ಲಿನಲ್ಲಿ ಮಾತ್ರ ಬರೀ 'ಡೈಮಂಡ್ ಪೆಂಡೆಂಟ್'. ಮೊದಲಿನ ಅಂಗಡಿಗೆ ಹೋಗಿ ಕೇಳಿದರೆ, "ಕಾರ್ಡಿನಲ್ಲೇ ಬರೆದಿದೆಯಲ್ಲ, ನೀವು ಓದಬೇಕಿತ್ತು" ಎಂದರು.

ಆ ಮಾತು ನನ್ನನ್ನು ಈಗಲೂ ಚುಚ್ಚುತ್ತದೆ. ಕಾರ್ಡ್ ಸುಳ್ಳು ಹೇಳಿರಲಿಲ್ಲ, ನಿಜ. ಆದರೆ ನನ್ನ ಅಕ್ಕ ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು. ಅವಳಿಗೆ ಅರ್ಥವಾಗದ ಭಾಷೆಯಲ್ಲಿ, ಅವಳ ಕಣ್ಣಿಗೆ ಕಾಣದ ಅಕ್ಷರದಲ್ಲಿ ಸತ್ಯ ಬರೆದಿಟ್ಟು, ಬಾಯಲ್ಲಿ ಬೇರೆಯೇ ಹೇಳಿದರು. ಇದಕ್ಕೆ ನಿಮ್ಮ ಕಡೆಯಿಂದ ಏನಾದರೂ ಆಗಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ನನ್ನ ಹಾಗೆ ಮದುವೆ ಒಡವೆಗೆ ಹೊರಟಿರುವ ಬೇರೆಯವರೂ ಓದಲಿ ಎಂದು ಎಲ್ಲರ ಮುಂದೆ ಇಡುತ್ತಿದ್ದೇನೆ.

ಬಂಗಾರದ ವಿಷಯದಲ್ಲಿ ನೀವು ಮಾಡಿದ ಕೆಲಸ ಸಣ್ಣದಲ್ಲ. ನಮ್ಮ ಅಮ್ಮನ ಕಾಲದಲ್ಲಿ ಅಕ್ಕಸಾಲಿಯ ಮಾತೇ ಸರ್ಟಿಫಿಕೇಟ್ ಆಗಿತ್ತು. 2021ರ ಜೂನ್ 16ರಿಂದ 256 ಜಿಲ್ಲೆಗಳಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. 2023ರ ಏಪ್ರಿಲ್ 1ರಿಂದ ಆರು ಅಕ್ಷರ ಮತ್ತು ಅಂಕಿಗಳ ಎಚ್‌ಯುಐಡಿ, ಅಂದರೆ ಒಂದೊಂದು ಒಡವೆಗೂ ಬೇರೆಯಾದ ಗುರುತಿನ ನಂಬರ್, ಇಲ್ಲದೆ ಹಾಲ್‌ಮಾರ್ಕ್ ಒಡವೆ ಮಾರುವಂತಿಲ್ಲ ಎಂದಾಯಿತು. ಇವತ್ತು ಅಕ್ಕ ಬಳೆ ತಂದರೆ ಮಗಳು ಮೊಬೈಲಿನಲ್ಲಿ ಬಿಐಎಸ್ ಕೇರ್ ಆ್ಯಪ್ ತೆಗೆದು ನಂಬರ್ ಹಾಕಿ ನೋಡುತ್ತಾಳೆ. 22 ಕ್ಯಾರಟ್ಟೋ 18 ಕ್ಯಾರಟ್ಟೋ ಎಂದು ತಕ್ಷಣ ಗೊತ್ತಾಗುತ್ತದೆ. ಆದರೆ ಆ ಹಾಲ್‌ಮಾರ್ಕ್ ಬಂಗಾರದ ಬಗ್ಗೆ ಮಾತ್ರ ಹೇಳುತ್ತದೆ. ಬಂಗಾರದಲ್ಲಿ ಕೂರಿಸಿದ ಕಲ್ಲಿನ ಬಗ್ಗೆ ಒಂದು ಮಾತೂ ಆಡುವುದಿಲ್ಲ. ಇದು ಜಾಸ್ತಿ ಜನರಿಗೆ ಗೊತ್ತಿಲ್ಲ. ಹಾಲ್‌ಮಾರ್ಕ್ ಇದೆ ಅಂದರೆ ವಜ್ರವೂ ಸರಿ ಇದೆ ಎಂದುಕೊಳ್ಳುತ್ತಾರೆ. ನಾವೂ ಹಾಗೇ ಅಂದುಕೊಂಡಿದ್ದೆವು.

ಗೊಂದಲ ಕ್ಯಾರಟ್ ಎಂಬ ಮಾತಿನಿಂದಲೇ ಶುರುವಾಗುತ್ತದೆ. ಬಂಗಾರದ ಕ್ಯಾರಟ್ ಶುದ್ಧತೆಯ ಲೆಕ್ಕ. ವಜ್ರದ ಕ್ಯಾರಟ್ ತೂಕದ ಲೆಕ್ಕ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಸ್ಪೆಲಿಂಗ್ ಬಳಸುವುದುಂಟು. ಕನ್ನಡದಲ್ಲಿ ಎರಡನ್ನೂ ಒಂದೇ ಥರ ಬರೆಯುತ್ತೇವೆ, ಒಂದೇ ಥರ ಕೇಳಿಸುತ್ತದೆ. ವಜ್ರದ ಒಂದು ಕ್ಯಾರಟ್ ಎಂದರೆ 0.2 ಗ್ರಾಂ. ಐದು ಕ್ಯಾರಟ್ ಸೇರಿದರೆ ಒಂದು ಗ್ರಾಂ. ಒಂದು ಕ್ಯಾರಟ್ಟನ್ನು ನೂರು ಪಾಲು ಮಾಡಿದರೆ ಒಂದೊಂದು ಪಾಲನ್ನು ನಮ್ಮ ಕಡೆಯ ಅಂಗಡಿಗಳಲ್ಲಿ ಸೆಂಟ್ ಎನ್ನುತ್ತಾರೆ. ಮೂವತ್ತು ಸೆಂಟಿನ ಕಲ್ಲು ಎಂದರೆ 0.30 ಕ್ಯಾರಟ್.

ಇಲ್ಲೇ ಒಂದು ದೊಡ್ಡ ವಿಷಯ ಇದೆ. ಅಕ್ಕನ ಪೆಂಡೆಂಟಿನ ಕಾರ್ಡಿನಲ್ಲಿ ಒಟ್ಟು ತೂಕ 0.92 ಕ್ಯಾರಟ್ ಎಂದಿದೆ. "ಹತ್ತಿರ ಹತ್ತಿರ ಒಂದು ಕ್ಯಾರಟ್ ವಜ್ರ" ಎಂದು ಅವಳು ನೆಂಟರಿಗೆಲ್ಲ ಹೇಳಿಕೊಂಡಿದ್ದಳು. ಅದು ಒಂದು ವಜ್ರ ಅಲ್ಲ. ನಡುವೆ 40 ಸೆಂಟಿನ ಒಂದು ಕಲ್ಲು, ಸುತ್ತ 26 ಪುಟ್ಟ ಕಲ್ಲುಗಳು. ಪುಟ್ಟವು ಒಂದೊಂದೂ ಎರಡು ಸೆಂಟಿನವು. ವಜ್ರದ ಬೆಲೆ ಅಕ್ಕಿಯ ಹಾಗೆ ತೂಕಕ್ಕೆ ತಕ್ಕಂತೆ ಏರುವುದಿಲ್ಲ. ಕಲ್ಲು ದೊಡ್ಡದಾದಂತೆ ಪ್ರತಿ ಕ್ಯಾರಟ್ಟಿನ ದರವೇ ಮೇಲೆ ಹೋಗುತ್ತದೆ. ಐವತ್ತು ಚೂರು ಸೇರಿಸಿ ಒಂದು ಕ್ಯಾರಟ್ ಮಾಡಿದ ಉಂಗುರಕ್ಕೂ ಅದೇ ಗುಣಮಟ್ಟದ ಒಂದೇ ಒಂದು ಕ್ಯಾರಟ್ ಕಲ್ಲಿನ ಉಂಗುರಕ್ಕೂ ಬೆಲೆಯಲ್ಲಿ ಅಜಗಜಾಂತರ. ಒಟ್ಟು ತೂಕ ಒಂದನ್ನೇ ದೊಡ್ಡಕ್ಷರದಲ್ಲಿ ಬರೆದರೆ ಕೊಳ್ಳುವವರಿಗೆ ಇದು ಹೇಗೆ ತಿಳಿಯಬೇಕು?

ಆ ಘಟನೆ ಆದಮೇಲೆ ನಾನು ಸುಮ್ನೆ ಕೂರಲಿಲ್ಲ. ನಮ್ಮ ಬೀದಿಯಲ್ಲಿ ವಯಸ್ಸಾದ ಅಕ್ಕಸಾಲಿ ಒಬ್ಬರಿದ್ದಾರೆ. ನಲವತ್ತು ವರ್ಷ ಕಲ್ಲು ಕೂರಿಸಿದ ಕೈ ಅವರದು. ಅವರ ಹತ್ತಿರ ಪೆಂಡೆಂಟ್ ತೆಗೆದುಕೊಂಡು ಹೋದೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ ಕೊಟ್ಟರು. ಅದನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಬೇಕಂತೆ, ಆಮೇಲೆ ಕಲ್ಲನ್ನು ಅದರ ಹತ್ತಿರ ತರಬೇಕಂತೆ. ಮೊದಲು ಬರೀ ಮಂಜು. ಕೈ ನಡುಗಿತು. ಅವರು ನನ್ನ ಮೊಣಕೈಯನ್ನು ಮೇಜಿನ ಮೇಲೆ ಊರಿಸಿದರು. ಆಗ ಕಂಡಿತು. ಕಲ್ಲಿನ ಮೇಲ್ಭಾಗವೂ ಕೆಳಭಾಗವೂ ಸೇರುವ ಜಾಗ, ಅದನ್ನು ಗರ್ಡಲ್ ಎನ್ನುತ್ತಾರೆ, ಕಲ್ಲಿನ ಸೊಂಟ ಎನ್ನಬಹುದು. ಅಲ್ಲಿ ಲೇಸರಿನಿಂದ ಕೊರೆದ ನಂಬರ್. ಅದರ ಮುಂದೆ ಇಂಗ್ಲಿಷಿನ ಎರಡು ಅಕ್ಷರ, ಎಲ್ ಮತ್ತು ಜಿ. ಲ್ಯಾಬಿನಲ್ಲಿ ಬೆಳೆಸಿದ ವಜ್ರ ಎಂದು ಕಲ್ಲೇ ಹೇಳುತ್ತಿತ್ತು. ಮೂರು ವರ್ಷ ನಮ್ಮ ಮನೆಯಲ್ಲೇ ಇದ್ದ ಕಲ್ಲು. ಯಾರೂ ಒಮ್ಮೆಯೂ ಅದನ್ನು ಕೇಳಿರಲಿಲ್ಲ.

ಆಮೇಲೆ ಓದಲು ಕೂತೆ. ತಿಳಿದುಕೊಂಡದ್ದರಲ್ಲಿ ಮುಖ್ಯವಾದದ್ದನ್ನು ಇಲ್ಲಿ ಬರೆಯುತ್ತೇನೆ. ನಿಮಗೆ ಇದೆಲ್ಲ ಗೊತ್ತಿರುವುದೇ. ಆದರೆ ಸಾಮಾನ್ಯ ಗ್ರಾಹಕರು ಎಷ್ಟನ್ನು ತಿಳಿದುಕೊಳ್ಳಬೇಕಾಗಿದೆ ಎಂಬುದನ್ನು ನೀವೂ ಒಮ್ಮೆ ನೋಡಬೇಕು.

ವಜ್ರದ ದರ್ಜೆ ಹೇಳಲು ಇಡೀ ಜಗತ್ತು ಬಳಸುವ ಪದ್ಧತಿಯನ್ನು ರೂಪಿಸಿದ್ದು ಅಮೆರಿಕದ ಜಿಐಎ ಸಂಸ್ಥೆ. ಆ ಸಂಸ್ಥೆ 1931ರಲ್ಲಿ ಶುರುವಾದದ್ದು. ಬಣ್ಣಕ್ಕೆ ಡಿ ಅಕ್ಷರದಿಂದ ಝಡ್‌ವರೆಗೆ ದರ್ಜೆ. ಎ, ಬಿ, ಸಿ ಯಾಕಿಲ್ಲ ಎಂದು ನನಗೂ ಪ್ರಶ್ನೆ ಬಂತು. ಈ ಪದ್ಧತಿಗೂ ಮುಂಚೆ ವ್ಯಾಪಾರಿಗಳು ಅವರವರ ಮನಸ್ಸಿಗೆ ಬಂದಂತೆ ಎ, ಎಎ, ಎಎಎ ಎಂದೆಲ್ಲ ಬಳಸುತ್ತಿದ್ದರು. ಆ ಹಳೆಯ ಗೊಂದಲದ ನೆರಳೂ ಬೀಳದಿರಲಿ ಎಂದು 1950ರ ದಶಕದಲ್ಲಿ ಡಿಯಿಂದ ಶುರುಮಾಡಿದರು. ಡಿ, ಇ, ಎಫ್ ಎಂದರೆ ಬಣ್ಣವೇ ಇಲ್ಲದ ಕಲ್ಲು. ಜಿ ಇಂದ ಜೆ ವರೆಗೆ ಬಣ್ಣ ಇದ್ದೂ ಇಲ್ಲದ ಹಾಗೆ. ಅಲ್ಲಿಂದ ಮುಂದೆ ನಿಧಾನಕ್ಕೆ ಹಳದಿ ಛಾಯೆ ಏರುತ್ತದೆ. ನಮ್ಮವರು ಜಾಸ್ತಿ ತೊಡುವುದು ಹಳದಿ ಬಂಗಾರ. ಅದರಲ್ಲಿ ಕೂರಿಸಿದ ಎಚ್ ಅಥವಾ ಐ ಬಣ್ಣದ ಕಲ್ಲಿನ ಛಾಯೆ ಬರಿಗಣ್ಣಿಗೆ ಗೊತ್ತಾಗುವುದೇ ಕಷ್ಟ. ಹಾಗಿರುವಾಗ ಡಿ ಬಣ್ಣವೇ ಬೇಕು ಎಂದು ಸಾವಿರಗಟ್ಟಲೆ ಜಾಸ್ತಿ ಕೊಡುವ ಅಗತ್ಯ ಮಧ್ಯಮ ವರ್ಗದ ಮನೆಗೆ ಇಲ್ಲ ಎಂಬುದು ನನ್ನ ಅಭಿಪ್ರಾಯ. ಅಂಗಡಿಯಲ್ಲಿ ಇದನ್ನು ನಮಗೆ ಯಾರೂ ಹೇಳಲಿಲ್ಲ.

ಇನ್ನು ಸ್ವಚ್ಛತೆ. ಕಲ್ಲಿನೊಳಗೆ ಹುಟ್ಟಿನಿಂದಲೇ ಇರುವ ಚುಕ್ಕೆ, ಗರಿ, ಮೋಡದಂಥ ಗುರುತುಗಳ ಲೆಕ್ಕ ಇದು. ಹತ್ತು ಪಟ್ಟು ದೊಡ್ಡದು ಮಾಡಿ ನೋಡಿ ದರ್ಜೆ ಕೊಡುತ್ತಾರೆ. ವಿವಿಎಸ್ ಎಂದರೆ ಪಳಗಿದ ಕಣ್ಣಿಗೂ ಹುಡುಕಲು ಬಲು ಕಷ್ಟವಾದ ಗುರುತು. ವಿಎಸ್ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಎಸ್‌ಐ ಕಲ್ಲಿನಲ್ಲಿ ಗುರುತು ಭೂತಗನ್ನಡಿಗೆ ಸಿಗುತ್ತದೆ. ಐ ಎಂದು ಬರೆದಿದ್ದರೆ ಬರಿಗಣ್ಣಿಗೂ ಕಾಣಬಹುದು. ಬಣ್ಣದಲ್ಲೂ ಒಂದು ಐ ಇದೆ, ಸ್ವಚ್ಛತೆಯಲ್ಲೂ ಒಂದು ಐ ಇದೆ, ಎರಡೂ ಬೇರೆ ಬೇರೆ ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು. ವಿವಿಎಸ್‌ಗೂ ವಿಎಸ್‌ಗೂ ಇರುವ ವ್ಯತ್ಯಾಸ ನನ್ನ ಕಣ್ಣಿಗಾಗಲಿ ಅಕ್ಕನ ಕಣ್ಣಿಗಾಗಲಿ ಯಾವತ್ತೂ ಕಾಣುವುದಿಲ್ಲ. ಆ ವ್ಯತ್ಯಾಸಕ್ಕೆ ನಾವು ಕೊಡುವ ದುಡ್ಡು ಪೂರ್ತಿ ಆ ಕಾಗದವನ್ನು ನಂಬಿ ಕೊಡುವ ದುಡ್ಡು. ಅದಕ್ಕೇ ಆ ಕಾಗದವನ್ನು ಯಾರು ಕೊಟ್ಟರು ಎಂಬುದು ಇಷ್ಟು ಮುಖ್ಯ.

ಕಟ್ ಎಂದರೆ ಆಕಾರ ಅಲ್ಲ, ಕಲ್ಲನ್ನು ಎಷ್ಟು ಚೆನ್ನಾಗಿ ಕತ್ತರಿಸಿದ್ದಾರೆ ಎಂಬುದು. ಮುಖಗಳ ಕೋನ ಸರಿ ಇದ್ದರೆ ಒಳಗೆ ಹೋದ ಬೆಳಕು ವಾಪಸ್ ಮೇಲೆ ಬರುತ್ತದೆ, ಇಲ್ಲದಿದ್ದರೆ ಕೆಳಗಿನಿಂದ ಸೋರಿಹೋಗುತ್ತದೆ. ಗುಂಡು ಕಲ್ಲುಗಳಿಗೆ ಜಿಐಎ 2006ರಿಂದ ಇದಕ್ಕೂ ದರ್ಜೆ ಕೊಡುತ್ತಿದೆ. ಹೊಳಪಿಗೆ ಎಲ್ಲಕ್ಕಿಂತ ದೊಡ್ಡ ಕಾರಣ ಇದೇ. ಆದರೂ ನಮ್ಮ ಅಂಗಡಿಗಳಲ್ಲಿ ಬಣ್ಣ, ಸ್ವಚ್ಛತೆಯ ಮಾತಾಡಿದಷ್ಟು ಕಟ್ ಬಗ್ಗೆ ಆಡುವುದಿಲ್ಲ.

ಕಲ್ಲನ್ನು ಪರೀಕ್ಷೆ ಮಾಡಿದ ಲ್ಯಾಬ್ ಕೊಡುವ ವರದಿಯಲ್ಲಿ ಫ್ಲೋರೆಸೆನ್ಸ್ ಎಂಬ ಒಂದು ಸಾಲು ಇರುತ್ತದೆ. ಅಲ್ಟ್ರಾವೈಲೆಟ್ ದೀಪದ ಕೆಳಗೆ ಕಲ್ಲು ಮಿನುಗುತ್ತದೆಯೇ, ಎಷ್ಟು ಮಿನುಗುತ್ತದೆ ಎಂಬ ವಿವರ ಅದು. ಇದನ್ನು ಓದಿದಾಗ ನನಗೆ ಅಜ್ಜಿಯ ಓಲೆ ನೆನಪಾಯಿತು. ನಮ್ಮ ದಕ್ಷಿಣದ ಹಳೆಯ ಮನೆಗಳಲ್ಲಿ 'ಬ್ಲೂ ಜಾಗರ್' ಎಂಬ ಮಾತು ಕೇಳಿರುತ್ತೀರಿ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರಿನಿಂದ ಬಂದ ಮಾತು ಅದು. ನೀಲಿ ಛಾಯೆಯ ಬಿಳಿ ಕಲ್ಲು. ಬಿಸಿಲಿಗೆ ಹೋದರೆ ನೀಲಿ ಹೊಳೆಯುತ್ತದೆ ಎಂದು ಅಜ್ಜಿ ಹೆಮ್ಮೆಪಡುತ್ತಿದ್ದರು. ಅವರು ಮೆಚ್ಚಿ ಕೊಂಡ ಆ ಗುಣವೇ ಇವತ್ತಿನ ವರದಿಯಲ್ಲಿ 'ಸ್ಟ್ರಾಂಗ್ ಬ್ಲೂ' ಎಂದು ಬಂದರೆ ವ್ಯಾಪಾರಿಗಳು ಬೆಲೆ ಇಳಿಸಿ ಕೇಳುತ್ತಾರೆ. ಹಳೆಯ ಒಡವೆ ಮಾರಲು ಹೋಗುವವರಿಗೆ ಇದು ಗೊತ್ತಿರಬೇಕು. ಕೆಲವು ಕಲ್ಲುಗಳು ಮಾತ್ರ ಇದರಿಂದ ಮಸುಕಾಗಿ ಕಾಣುತ್ತವೆ, ಎಲ್ಲವೂ ಅಲ್ಲ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಸರ್ಟಿಫಿಕೇಟ್ ಎಂದು ಅಂಗಡಿಯಲ್ಲಿ ಕೊಡುವ ಎಲ್ಲ ಕಾಗದಗಳೂ ಒಂದೇ ಅಲ್ಲ. ಬಿಡಿ ಕಲ್ಲನ್ನು ತೂಗಿ, ಅಳೆದು, ತಿರುಗಿಸಿ ನೋಡಿ ಕೊಟ್ಟ ವರದಿ ಒಂದು. ಒಡವೆಯಲ್ಲಿ ಕೂರಿಸಿದ ಮೇಲೆ ನೋಡಿ ಕೊಟ್ಟ ವರದಿ ಇನ್ನೊಂದು. ಎರಡನೆಯದರಲ್ಲಿ ಕಲ್ಲಿನ ಅರ್ಧ ಭಾಗ ಬಂಗಾರದೊಳಗೆ ಮುಚ್ಚಿರುತ್ತದೆ. ತೂಕವನ್ನು ಅಂದಾಜು ಮಾಡುತ್ತಾರೆ. 'ಕೂರಿಸಿರುವ ರೀತಿಯಲ್ಲಿ ಎಷ್ಟು ನೋಡಲು ಸಾಧ್ಯವೋ ಅಷ್ಟು' ಎಂಬ ಅರ್ಥದ ಒಂದು ಸಾಲು ಅಲ್ಲಿ ಇರುತ್ತದೆ. ಬಣ್ಣ ಜಿ–ಎಚ್, ಸ್ವಚ್ಛತೆ ವಿಎಸ್–ಎಸ್‌ಐ ಎಂದು ಎರಡೆರಡು ದರ್ಜೆ ಸೇರಿಸಿ ಬರೆದಿರುತ್ತಾರೆ. ಪುಟ್ಟ ಕಲ್ಲುಗಳಿಗೆ ಒಂದೊಂದಕ್ಕೂ ಬೇರೆ ವರದಿ ಮಾಡಿಸುವುದು ಆಗದ ಮಾತು, ಕಲ್ಲಿನ ಬೆಲೆಗಿಂತ ವರದಿಯ ಖರ್ಚೇ ಜಾಸ್ತಿಯಾಗುತ್ತದೆ. ಅದನ್ನು ನಾನು ಒಪ್ಪುತ್ತೇನೆ. ಆದರೆ ಇದು ಅಂದಾಜು ಎಂದು ಗ್ರಾಹಕರಿಗೆ ಬಾಯಿಬಿಟ್ಟು ಹೇಳಬೇಕು ಅಲ್ವಾ? ಮೂರನೆಯದು ಅಂಗಡಿಯವರೇ ಅವರ ಹೆಸರಿನಲ್ಲಿ ಅಚ್ಚು ಹಾಕಿಸಿದ ಕಾರ್ಡ್. ಮಾರುವವರೇ ಪರೀಕ್ಷೆ ಮಾಡಿ ಅವರೇ ಮಾರ್ಕ್ಸ್ ಕೊಟ್ಟ ಹಾಗೆ ಅದು. ಈ ಮೂರಕ್ಕೂ ಬಳಸುವ ಮಾತು ಒಂದೇ, ಸರ್ಟಿಫೈಡ್.

ವರದಿ ಕೊಟ್ಟದ್ದು ಹೊರಗಿನ ಪರೀಕ್ಷಾ ಲ್ಯಾಬ್ ಎಂದ ಮಾತ್ರಕ್ಕೆ ಎಲ್ಲರ ಅಳತೆಗೋಲೂ ಒಂದೇ ಆಗಿರುವುದಿಲ್ಲ. 2014ರಲ್ಲಿ ವಜ್ರ ವ್ಯಾಪಾರದ ದೊಡ್ಡ ಆನ್‌ಲೈನ್ ಮಾರುಕಟ್ಟೆಯಾದ ರ‍್ಯಾಪ್‌ನೆಟ್, ಇಜಿಎಲ್ ಎಂಬ ಪರೀಕ್ಷಾ ಲ್ಯಾಬುಗಳ ಹೆಸರಿನ ವರದಿಗಳಿರುವ ಕಲ್ಲುಗಳನ್ನು ಪಟ್ಟಿ ಮಾಡುವುದನ್ನೇ ನಿಲ್ಲಿಸಿತು. ಕೆಲವು ವರದಿಗಳಲ್ಲಿ ದರ್ಜೆ ಉದಾರವಾಗಿ ಬರುತ್ತಿದೆ ಎಂಬ ದೂರು ಆಗ ದೊಡ್ಡದಾಗಿತ್ತು. ಜಿಐಎ ಕೂಡ ತನ್ನ ವರದಿ ಗ್ಯಾರಂಟಿ ಅಲ್ಲ, ಬೆಲೆ ಕಟ್ಟುವ ಕಾಗದವೂ ಅಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಅದರಲ್ಲಿ ರೂಪಾಯಿ, ಡಾಲರಿನ ಲೆಕ್ಕವೇ ಇರುವುದಿಲ್ಲ. ಪರಿಣತರು ನೋಡಿ ಹೇಳಿದ ಅಭಿಪ್ರಾಯ ಅದು.

ಕಲ್ಲಿನ ಸೊಂಟದ ಮೇಲೆ ಕೊರೆದ ವರದಿಯ ನಂಬರನ್ನೂ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ನೈಸರ್ಗಿಕ ವಜ್ರದ ನಿಜವಾದ ವರದಿಯ ನಂಬರನ್ನೇ ಕದ್ದು ಲ್ಯಾಬ್ ವಜ್ರದ ಮೇಲೆ ಕೊರೆದ ಪ್ರಕರಣಗಳು ಸಿಕ್ಕಿವೆ ಎಂದು 2021ರಲ್ಲಿ ಜಿಐಎ ಎಚ್ಚರಿಸಿತ್ತು. ನಂಬರ್ ಹಾಕಿದರೆ ವೆಬ್‌ಸೈಟಿನಲ್ಲಿ ಸರಿಯಾದ ವರದಿಯೇ ಬರುತ್ತದೆ, ಆದರೆ ಕೈಯಲ್ಲಿರುವ ಕಲ್ಲು ಅದಲ್ಲ. ಅದಕ್ಕೇ ವರದಿಯಲ್ಲಿರುವ ಮಿಲಿಮೀಟರ್ ಅಳತೆ, ತೂಕ, ಒಳಗಿನ ಗುರುತುಗಳನ್ನೂ ಕಲ್ಲಿನ ಜೊತೆ ಹೋಲಿಸಬೇಕು. ಮದುವೆ ಗಡಿಬಿಡಿಯಲ್ಲಿ ಇರುವ ತಾಯಿಯೊಬ್ಬಳು ಇದನ್ನೆಲ್ಲ ಮಾಡಲು ಸಾಧ್ಯವೇ?

ಲ್ಯಾಬ್ ವಜ್ರದ ಬಗ್ಗೆ ನನಗೆ ಯಾವ ಅಸಡ್ಡೆಯೂ ಇಲ್ಲ. ಅದು ಗಾಜಲ್ಲ, ಅಮೆರಿಕನ್ ಡೈಮಂಡೂ ಅಲ್ಲ. ಗಣಿಯ ವಜ್ರದ ಹಾಗೆಯೇ ಅಪ್ಪಟ ಇಂಗಾಲ. ಅಷ್ಟೇ ಗಟ್ಟಿ, ಅಷ್ಟೇ ಹೊಳಪು. 2023ರಲ್ಲಿ ನಮ್ಮ ಪ್ರಧಾನಿಯವರು ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರಟ್ಟಿನ ವಜ್ರ ಲ್ಯಾಬಿನದ್ದೇ. ಸೂರತ್ತಿನ ಸಾವಿರಾರು ಕುಟುಂಬಗಳು ಅದರಿಂದ ಬದುಕುತ್ತಿವೆ. ಆದರೆ ಅದನ್ನು ಎಷ್ಟು ಬೇಕಾದರೂ ತಯಾರಿಸಬಹುದು. ಹಾಗಾಗಿ ಈಚಿನ ವರ್ಷಗಳಲ್ಲಿ ಅದರ ಬೆಲೆ ವಿಪರೀತ ಇಳಿದಿದೆ. ಲ್ಯಾಬ್ ವಜ್ರಗಳಿಗೆ ಹಳೆಯ ಬಣ್ಣ–ಸ್ವಚ್ಛತೆಯ ದರ್ಜೆ ಕೊಡುವುದನ್ನು ಜಿಐಎ 2025ರಲ್ಲಿ ಕೈಬಿಟ್ಟು, 'ಪ್ರೀಮಿಯಂ', 'ಸ್ಟ್ಯಾಂಡರ್ಡ್' ಎಂಬ ಎರಡೇ ವರ್ಗ ಮಾಡಿತು. ತಿಳಿದು, ಅದಕ್ಕೆ ತಕ್ಕ ಬೆಲೆ ಕೊಟ್ಟು ಕೊಂಡರೆ ಸಂತೋಷವೇ. ನನ್ನ ಅಕ್ಕ ಗಣಿಯ ವಜ್ರದ ಬೆಲೆ ಕೊಟ್ಟಳು.

ನಿಮ್ಮ ಮಾನಕದಲ್ಲೇ ಇದಕ್ಕೆ ಉತ್ತರ ಇದೆ. ಬರೀ 'ಡೈಮಂಡ್' ಎಂದು ಬರೆದರೆ ಅದು ನೈಸರ್ಗಿಕ ವಜ್ರವೇ ಆಗಿರಬೇಕು, ಲ್ಯಾಬಿನದ್ದಾದರೆ ಹಾಗೆಂದು ಹೇಳಬೇಕು ಎಂದಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2025ರ ಜನವರಿಯಲ್ಲಿ ಇದನ್ನು ಮತ್ತೆ ನೆನಪಿಸಿತು. ಆದರೆ ಪುಸ್ತಕದಲ್ಲಿರುವ ನಿಯಮ ಅಕ್ಕನ ಬಿಲ್ಲಿನವರೆಗೆ ಇಳಿದು ಬರಲಿಲ್ಲ.

ನಾನು ಕೇಳುವುದು ಇಷ್ಟು. ವಜ್ರದ ಒಡವೆಯ ಬಿಲ್ಲಿನಲ್ಲೇ, ಒಡವೆಯ ಹೆಸರಿನ ಪಕ್ಕದಲ್ಲೇ, ಅದೇ ಅಳತೆಯ ಅಕ್ಷರದಲ್ಲಿ 'ನೈಸರ್ಗಿಕ' ಅಥವಾ 'ಲ್ಯಾಬ್‌ನಲ್ಲಿ ಬೆಳೆಸಿದ್ದು' ಎಂದು ಕನ್ನಡದಲ್ಲಿ ಬರೆಯುವುದು ಕಡ್ಡಾಯವಾಗಲಿ. ಎಷ್ಟು ಕಲ್ಲು, ದೊಡ್ಡ ಕಲ್ಲಿನ ತೂಕ ಎಷ್ಟು ಸೆಂಟ್, ಉಳಿದವುಗಳದ್ದು ಎಷ್ಟು, ತೂಗಿದ್ದೋ ಅಂದಾಜೋ ಎಂಬುದೂ ಇರಲಿ. ವರದಿ ಕೊಟ್ಟ ಲ್ಯಾಬಿನ ಹೆಸರು, ವರದಿಯ ನಂಬರ್ ಬಿಲ್ಲಿನಲ್ಲೇ ಬರಲಿ, ಕಾರ್ಡ್ ಕಳೆದುಹೋದರೂ ದಾಖಲೆ ಉಳಿಯುತ್ತದೆ. ಹಾಲ್‌ಮಾರ್ಕ್ ಮಾಡುವ ಕೇಂದ್ರಗಳಿಗೆ ನೀವು ಮಾನ್ಯತೆ ಕೊಡುತ್ತೀರಿ, ತಪಾಸಣೆ ಮಾಡುತ್ತೀರಿ. ವಜ್ರದ ವರದಿ ಕೊಡುವ ಲ್ಯಾಬುಗಳಿಗೂ ಹಾಗೇ ಮಾಡಿ. ದರ್ಜೆ ಹೇಗೆ ಕೊಡಬೇಕು ಎಂಬ ಅಂತರರಾಷ್ಟ್ರೀಯ ಮಾನಕ, ಐಎಸ್‌ಒ 24016, 2020ರಿಂದಲೇ ಇದೆ. ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಬಿಐಎಸ್ ಕೇರ್ ಆ್ಯಪಿನಲ್ಲಿ ಎಚ್‌ಯುಐಡಿ ಹಾಕುವ ಜಾಗದ ಕೆಳಗೆ ವಜ್ರದ ವರದಿಗೂ ಒಂದು ಜಾಗ ಕೊಡಿ.

ಸಚಿವರೇ, ಒಂದು ಕೆಲಸ ನಿಮ್ಮಿಂದ ಬೇಗ ಆಗಬಹುದು. ವಜ್ರ ಮಾರುವ ಪ್ರತಿ ಅಂಗಡಿಯಲ್ಲೂ ಕನ್ನಡದ ಒಂದು ಬೋರ್ಡ್ ಇರಲಿ. ಲ್ಯಾಬ್ ವಜ್ರವೋ ನೈಸರ್ಗಿಕವೋ ಕೇಳಿ, ಬಿಲ್ಲಿನಲ್ಲಿ ಬರೆಸಿ, ಮೋಸವಾದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಕರೆಮಾಡಿ ಎಂದು ದೊಡ್ಡದಾಗಿ ಬರೆದಿರಲಿ. ಕೌಂಟರಿನ ಮೇಲೆ ಒಂದು ಭೂತಗನ್ನಡಿ ಇರಲಿ. ಗ್ರಾಹಕರು ಕೇಳಿದರೆ ಸೊಂಟದ ಮೇಲಿನ ನಂಬರ್ ತೋರಿಸುವುದು ಅಂಗಡಿಯವರ ಕರ್ತವ್ಯ ಎಂದು ಮಾಡಿ. ಪ್ರಾಮಾಣಿಕವಾಗಿ ವ್ಯಾಪಾರ ಮಾಡುವ ಅಂಗಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವರಿಗೆ ಇದರಿಂದ ಒಳ್ಳೆಯದೇ ಆಗುತ್ತದೆ.

ಅಕ್ಕನ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡಲು ಹೊರಟಿದ್ದೇವೆ. ಅದು ನಮ್ಮ ಮನೆಯ ವಿಷಯ, ನಾವು ನೋಡಿಕೊಳ್ಳುತ್ತೇವೆ. ಈ ಪತ್ರದ ಜೊತೆ ಬಿಲ್ಲಿನ ಒಂದು ಪ್ರತಿ, ಕಾರ್ಡಿನ ಒಂದು ಪ್ರತಿ ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಅಂಗಡಿಯ ಹೆಸರನ್ನು ಮುಚ್ಚಿದ್ದೇನೆ. ಕಾರ್ಡನ್ನು ಇದ್ದ ಅಳತೆಯಲ್ಲೇ ಜೆರಾಕ್ಸ್ ಮಾಡಿಸಿದ್ದೇನೆ, ದೊಡ್ಡದು ಮಾಡಿಸಿಲ್ಲ. ದಯವಿಟ್ಟು ಮೂರನೇ ಸಾಲನ್ನು ಕನ್ನಡಕ ತೆಗೆದಿಟ್ಟು ಒಮ್ಮೆ ಓದಲು ಪ್ರಯತ್ನಿಸಿ. ಅಕ್ಕ ಅವತ್ತು ಅಂಗಡಿಗೆ ಕನ್ನಡಕ ತಂದಿರಲಿಲ್ಲ.

ಇತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಗ್ರಾಹಕಿ